ಇಂಗ್ಲಿಷಿನ ಒಂದು ಪದಕ್ಕೆ ಕಣ್ಣುಬೇನೆ ಎಂದು ಅರ್ಥ ಹೇಳಿದ ಕುರಿತು

ಮಾನ್ಯ ಓದುಗರೇ,

ಮೊದಲಿಗೆ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲಿನಂತಿದ್ದು, ಒತ್ತಕ್ಷರಗಳು ಆಗಾಗ ತಪ್ಪುತ್ತವೆ, ಕ್ಷಮೆಯಿರಲಿ. ಸೇವಾವಧಿಯುದ್ದಕ್ಕೂ ಧಾರವಾಡದ ಕಚೇರಿಯೊಂದರಲ್ಲಿ ಬೇರೆಯವರ ಪತ್ರಗಳನ್ನು ನಕಲು ಮಾಡಿದ್ದೇನೆಯೇ ಹೊರತು, ಸ್ವಂತದ್ದೆಂದು ಬರೆಯುತ್ತಿರುವುದು ಇದೇ ಪ್ರಥಮ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಬೆಂಗೇರಿಯ ನಮ್ಮ ಮನೆಯೆದುರು ಓಣಿಯವರೆಲ್ಲ ಮಾವಶಿ ಎಂದು ಕರೆಯುವ ಹಿರಿಯ ಹೆಂಗಸೊಬ್ಬರು ಶೆಡ್ಡಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಶೆಡ್ಡಿನ ಒಂದು ಗೋಡೆ ತಗಡು, ಇನ್ನೊಂದು ಹಳೆಯ ಚುನಾವಣೆಯ ಫ್ಲೆಕ್ಸು. ಸೋತ ಅಭ್ಯರ್ಥಿಯೊಬ್ಬರು ಅದರಲ್ಲಿ ಇಂದಿಗೂ ಕೈಮುಗಿದು ನಿಂತಿದ್ದಾರೆ. ಪಕ್ಕದ ಹೊಸ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವು ಈ ಶೆಡ್ಡಿನ ಬಗ್ಗೆ ಪಾಲಿಕೆಗೆ ಇಂಗ್ಲಿಷಿನಲ್ಲಿ ದೂರು ಕೊಟ್ಟಿತು. ಏಳು ದಿನಗಳೊಳಗೆ ದಾಖಲೆಸಹಿತ ಉತ್ತರಿಸದಿದ್ದಲ್ಲಿ ಶೆಡ್ ತೆರವುಗೊಳಿಸಲಾಗುವುದೆಂಬ ನೋಟಿಸು, ದೂರಿನ ಪ್ರತಿಯೊಂದಿಗೆ, ಮಾವಶಿಯ ಕೈಸೇರಿತು. ಅವರಿಗೆ ಬೇರೆ ಜೀವನಾಧಾರವಿಲ್ಲ. ಓದಿ ಹೇಳಲು ನನ್ನ ಬಳಿ ತಂದರು.

ದೂರು ಒಂದೇ ಸಾಲಿನದು. ಅದರಲ್ಲಿ ‘ಐಸೋರ್’ ಎಂಬ ಪದವಿತ್ತು. ಐ ಎಂದರೆ ಕಣ್ಣು, ಸೋರ್ ಎಂದರೆ ಹುಣ್ಣು. ನಿಘಂಟು ನೋಡುವ ಅಗತ್ಯ ನನಗೆ ಕಂಡುಬರಲಿಲ್ಲ.

“ನಿಮಗ ಕಣ್ಣುಬ್ಯಾನಿ ಐತಿ ಅಂತ ಬರದಾರ ಮಾವಶಿ. ರೊಟ್ಟಿ ಒಯ್ಯೋರಿಗೆ ಅಂಟತೈತಿ ಅನ್ನೋ ಅಂಜಿಕಿ ಇರಬೇಕು.”

“ನನಗ? ರೊಟ್ಟಿ ಮ್ಯಾಲಿನ ಎಳ್ಳು ಎಣಿಸಿ ಹೇಳ್ಲೇನ್ರಿ ಸರ? ಹಂಗಿದ್ರ ಅವರ ಮನ್ಯಾಗಿನವರು ದಿನಾ ಯಾಕ ಪಾಳಿ ಹಚ್ಚತಾರ?”

ಆದಾಗ್ಯೂ ದಾಖಲೆ ಬೇಕಲ್ಲ. ಎರಡೂ ಕಣ್ಣುಗಳಲ್ಲಿ ಯಾವುದೇ ರೋಗವಿಲ್ಲವೆಂದು ಕಣ್ಣಿನ ಡಾಕ್ಟರರಿಂದ ಪ್ರಮಾಣಪತ್ರ ಕೊಡಿಸಿದೆ. ದೂರಿನ ಕನ್ನಡ ಅನುವಾದವನ್ನು ನಾನೇ ಮಾಡಿ ಲಗತ್ತಿಸಿದೆ. ಐದನೆಯ ದಿನ ಮಾವಶಿ ಅದನ್ನು ಪಾಲಿಕೆ ಕಚೇರಿಗೆ ಕೊಟ್ಟು ಸ್ವೀಕೃತಿ ತಂದರು.

ಆರನೆಯ ದಿನ ಕಾಲೇಜಿನಿಂದ ಬಂದ ನನ್ನ ಮಗಳು ದೂರಿನ ಪ್ರತಿ ಓದಿ ನಕ್ಕಳು. “ಅಪ್ಪಾ, ಐಸೋರ್ ಅಂದ್ರ ರೋಗ ಅಲ್ಲ. ನೋಡಾಕ ಅಸಹ್ಯ ಅನ್ನಿಸೋ ವಸ್ತು. ಅವರು ಅಂದಿದ್ದು ಶೆಡ್ಡಿಗೆ!”

ನನ್ನ ಅಜ್ಞಾನದಿಂದ ಒಬ್ಬರ ಒಲೆ ಆರುವುದೆಂದು ತಿಳಿದು ಊಟ ಬಿಟ್ಟೆದ್ದೆ. ಹೋಗಿ ಮಾವಶಿಗೆ ತಪ್ಪೊಪ್ಪಿಕೊಂಡೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಅಸಹ್ಯ ಅಂದ್ರೇನು? ಅವರ ಬಿಲ್ಡಿಂಗಿಗೆ ಬದನಿಕಾಯಿ ಬಣ್ಣ ಹೊಡದು, ಮ್ಯಾಲ ಅರಿಷಿಣ ಪಟ್ಟಿ ಎಳದಾರ. ಅದನ್ನ ನೋಡಿದ್ರ ನನಗ ಖರೇನ ಕಣ್ಣುಬ್ಯಾನಿ ಬರತೈತಿ. ನಾ ಯಾರಿಗರ ಅರ್ಜಿ ಕೊಟ್ಟೇನೇನ್ರಿ?” ಎಂದರು. ಬಳಿಕ ದನಿ ತಗ್ಗಿಸಿ, “ಶೆಡ್ಡ್ ಉಳೀತೈತಲ್ರಿ ಸರ?” ಎಂದು ಕೇಳಿದರು. ತಿದ್ದುಪಡಿ ಅರ್ಜಿ ಬರೆಯುತ್ತೇನೆಂದು ಹೇಳಿ ಮನೆಗೆ ಬಂದೆ.

ಏಳನೆಯ ದಿನ ತಿದ್ದುಪಡಿ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಗುಮಾಸ್ತರು ಕಡತ ತೆರೆದರು.

“ಇದು ನಿನ್ನೇನ ವಿಲೇವಾರಿ ಆತ್ರಿ. ಕಣ್ಣಿನ ಬಗ್ಗೆ ದೂರು ಇತ್ತು, ಕಣ್ಣು ಛಲೋ ಅದಾವ ಅಂತ ಡಾಕ್ಟರು ಬರದಾರ. ಸಾಹೇಬ್ರು ದೂರು ಮುಕ್ತಾಯ ಅಂತ ಸಹಿ ಮಾಡ್ಯಾರ. ಅನುವಾದ ಯಾರು ಮಾಡಿದ್ರಿ? ಭಾಳ ಸ್ಪಷ್ಟ ಐತಿ. ಮತ್ತೇನರ ಕೊಡೂದಿತ್ತೇನ್ರಿ?”

“ಏನಿಲ್ರಿ,” ಎಂದು ಜೇಬಿನ ಮೇಲೆ ಕೈಯಿಟ್ಟುಕೊಂಡೇ ಹೊರಬಂದೆ.

ಆದ್ದರಿಂದ ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನೆಲ್ಲ ದಯಮಾಡಿ ತಿದ್ದಿಕೊಳ್ಳಬೇಕಾಗಿಯೂ, ಆ ಕಡತದಲ್ಲಿರುವ ಒಂದನ್ನು ಮಾತ್ರ ಯಾರೂ ತಿದ್ದಬಾರದಾಗಿಯೂ ಕೋರುತ್ತೇನೆ.