ಖಾಲಿ ಹಿತ್ತಾಳೆಗೆ ಲೈಸೆನ್ಸ್ ಬೇಡ

ಮೊನ್ನೆ ಶೆಫೀಲ್ಡಿನ ಏಷ್ಯನ್ ಅಂಗಡಿಯಲ್ಲಿ ಹುಣಸೆಹಣ್ಣಿನ ಪೊಟ್ಟಣವೊಂದು ಒಡೆದು, ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಜೊತೆಗಿದ್ದ ಮಗಳು "ಮಮ್ಮಿ, ಸ್ಟಾಪ್ ಇಟ್" ಎಂದು ಗದರಿದಳು. ಬೇರೆಯವರಿಗೆ ಹುಣಸೆಹಣ್ಣೆಂದರೆ ಸಾರು, ಗೊಜ್ಜು. ನನಗೆ ರೈಫಲ್ಲು, ಮತ್ತು ನಮ್ಮ ಡಾಕ್ಟರ್ ಸಾಹೇಬರು!

ಸಾಹೇಬರು ಹುಬ್ಬಳ್ಳಿಯವರು, ನಿವೃತ್ತ ದಂತವೈದ್ಯರು. ನಾನು ಮಡಿಕೇರಿ ಕಡೆಯವಳು, ಇಲ್ಲಿನ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ನಮ್ಮ ಕಡೆಯ ಆಯುಧಪೂಜೆಯಾದ ಕೈಲ್ ಮುಹೂರ್ತ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವಳು ನಾನು. ಈ ಊರಿಗೆ ಬಂದ ಮೇಲೆ ಡ್ಯೂಟಿ ರೋಟಾ, ಮಾರ್ಟ್‌ಗೇಜ್ ಎಂದು ತಲೆ ಕೆಟ್ಟಾಗ ಊರಾಚೆಯ ರೈಫಲ್ ಕ್ಲಬ್ ಸೇರಿಕೊಂಡೆ. ಅಲ್ಲಿ ಮೊದಲ ದಿನ, ಒಂದು ಸರದಿ ಮುಗಿದು ಎಲ್ಲರೂ ಇಯರ್‌ಮಫ್ ತೆಗೆಯುತ್ತಿದ್ದಾಗ, ಪಕ್ಕದ ಚಾಪೆಯ ಮೇಲೆ ಬಂದೂಕು ಹಿಡಿದು ಬೋರಲು ಮಲಗಿದ್ದ ಬಿಳಿಗಡ್ಡದ ಮನುಷ್ಯ "ಥೂ, ಹೋತು!" ಎಂದು ಗೊಣಗಿದ್ದು ಕೇಳಿಸಿತು. ಇಂಗ್ಲೆಂಡಿನ ಆ ಗಾಳಿಗುಡ್ಡದ ಮೇಲೆ ಹುಬ್ಬಳ್ಳಿಯ "ಹೋತು"! "ಕನ್ನಡದವರಾ ಸಾರ್?" ಎಂದು ಕೂಗಿಯೇ ಬಿಟ್ಟೆ. ಆವತ್ತು ಸಂಜೆಯೇ ಅವರ ಮನೆಯಲ್ಲಿ ಚಹಾ ಕುಡಿದೆ.

ಚಹಾ ಅವರ ಹೆಂಡತಿ, ನನ್ನ ಆಂಟಿ, ಕೊಟ್ಟರು. ಪಾಠ ಸಾಹೇಬರು ಗ್ಯಾರೇಜಿನಲ್ಲಿ ಶುರು ಮಾಡಿದರು. ಗುಂಡು ಹಾರಿದ ಮೇಲೆ ಹಿಂದೆ ಉಳಿಯುವ ಹಿತ್ತಾಳೆಯ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬಿಸಿ ಬಳಸಬಹುದು. ಆದರೆ ಒಳಗಿನ ಬಿಸಿಗೆ, ಒತ್ತಡಕ್ಕೆ ಅದು ಉಬ್ಬಿರುತ್ತದೆ, ಉದ್ದವೂ ಕೊಂಚ ಬೆಳೆದಿರುತ್ತದೆ. ತೊಳೆಯಬೇಕು, ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರಬೇಕು, ಬೆಳೆದ ತುದಿ ಕತ್ತರಿಸಬೇಕು, ಬಾಯಂಚು ನಯ ಮಾಡಬೇಕು. ಕತ್ತನ್ನು ಸಣ್ಣ ಉರಿಯಲ್ಲಿ ಹದವಾಗಿ ಕಾಯಿಸಿ ಮೆದು ಮಾಡಬೇಕು. ಒಂದೊಂದು ಕೇಸಿನ ಕತ್ತು ಗುಂಡನ್ನು ಒಂದೊಂದು ಬಿಗಿಯಲ್ಲಿ ಹಿಡಿದರೆ ಗುಂಡುಗಳ ವೇಗ ಬೇರೆಬೇರೆಯಾಗುತ್ತದೆ. ದೂರದ ಗುರಿಯಲ್ಲಿ ಒಂದು ಮೇಲೆ ಬೀಳುತ್ತದೆ, ಒಂದು ಕೆಳಗೆ. ಸಾಹೇಬರು ಬಾಯಂಚಿನ ಮೇಲೆ ಬೆರಳಾಡಿಸುತ್ತಾ "ಇದೂ ಹಲ್ಲಿನಂಗ ಬೇಟಾ. ನಾಲಗಿಗೆ ಚುಚ್ಚಬಾರದು" ಎನ್ನುತ್ತಿದ್ದರು. ನನಗೋ, ಒಂದು ವಾರ ತಡೆದುಕೊಂಡರೆ ಹೆಚ್ಚು, ಮತ್ತೆ ಆ ಗ್ಯಾರೇಜಿಗೆ ಓಡುತ್ತಿದ್ದೆ. ಅಡುಗೆ ಕಲಿಯುವಾಗಲೂ ಅಷ್ಟು ಉತ್ಸಾಹ ಇರಲಿಲ್ಲ ಎಂದು ನನ್ನ ಗಂಡ ಇವತ್ತಿಗೂ ಆಡಿಕೊಳ್ಳುತ್ತಾರೆ.

ಒಂದೆರಡು ವರ್ಷ ಹಾಗೆ ಕಳೆದಿರಬೇಕು... ಅವರ ಬಲಗೈ ನಡುಗಲು ಶುರುವಾಯಿತು. ಚಹಾ ತಟ್ಟೆಗೆ ಚೆಲ್ಲಿದಾಗ ಆಂಟಿ ಕಪ್ಪು ಬದಲಾಯಿಸಿ ಮಗ್ ಕೊಟ್ಟರು. ಜಿಪಿ ಡಾಕ್ಟರ ಹತ್ತಿರ ತಾವೇ ಹೋಗಿ ಬಂದ ಸಾಹೇಬರು, ಬೇಸಿಗೆಯ ಪಂದ್ಯ ಮುಗಿದ ಮೇಲೆ ಬಂದೂಕು, ಲೈಸೆನ್ಸು ಎರಡನ್ನೂ ಪೊಲೀಸರಿಗೆ ಒಪ್ಪಿಸುವುದಾಗಿ ಹೇಳಿದರು. ಇಷ್ಟು ವರ್ಷಗಳಲ್ಲಿ ಅವರಿಗೆ ಒಂದೇ ಆಸೆ ಉಳಿದಿತ್ತು. ಪಂದ್ಯದಲ್ಲಿ ಐದಕ್ಕೆ ಐದೂ ಗುಂಡು ನಡುವಿನ ವೃತ್ತದೊಳಗೆ ಬೀಳಬೇಕು. ಇನ್ನು ಸಿಗುವುದು ಅದೊಂದೇ ಅವಕಾಶ. ಚಳಿಗಾಲವಿಡೀ ಕೂತು, ತೂಗಿ, ಒಂದೇ ತೂಕದ ಕೇಸುಗಳನ್ನು ಆರಿಸಿ, ಅದಕ್ಕಾಗಿಯೇ ಒಂದು ತಟ್ಟೆ ತುಂಬ ಸಿದ್ಧ ಮಾಡಿದರು.

ಪಂದ್ಯಕ್ಕೆ ಒಂದು ವಾರವಿತ್ತು. ಆಂಟಿಯ ಫೋನ್ ಬಂತು, ಅಳುವ ದನಿ. ಓಡಿಹೋಗಿ ನೋಡಿದರೆ, ಅಡುಗೆಮನೆಯ ಪಾತ್ರೆಯಲ್ಲಿ ಆ ಕೇಸುಗಳೆಲ್ಲ ಹುಣಸೆಹಣ್ಣು, ಉಪ್ಪಿನ ನೀರಿನಲ್ಲಿ ಮುಳುಗಿ ಕೂತಿವೆ!

"ಹಿತ್ತಾಳಿಗೆ ಹುಣಸಿಹಣ್ಣು, ಉಪ್ಪು ಹಚ್ಚೂದಲ್ಲದ ಮತ್ತೇನ್ ಹಚ್ಚಬೇಕವಾ?" ಎಂದು ಆಂಟಿ ನನ್ನನ್ನೇ ಕೇಳಿದರು. "ಕತ್ತಿನ ಸುತ್ತ ಕರ್ರಗ ಕಲೆ ಕೂತಿತ್ತು. ಕಡೀ ಮ್ಯಾಚು, ಬಂಗಾರದಂಗ ಮಿಂಚಲಿ ಅಂತ ರಾತ್ರಿನ ನೆನಿ ಇಟ್ಟೆ."

ಆ ಕರಿ ಕಲೆ ಸಾಹೇಬರು ಉರಿಯಲ್ಲಿ ಕಾಯಿಸಿದ ಗುರುತು. ಹುಳಿಯಲ್ಲಿ ಅಷ್ಟು ಹೊತ್ತು ನೆನೆದ ಹಿತ್ತಾಳೆಯಿಂದ ಸತುವು ಬಿಟ್ಟುಹೋಗಿ, ಕೇಸುಗಳು ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪಗಾಗಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಾಹೇಬರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ನೋಡಿ, ನೋಡಿ, ಕಡೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಶಕ್ತಿ ಹೋಗೇತಿ ಇದರಾಗ. ಮುಖದ ಮುಂದ ಒಡದ್ರ ನನ್ನ ಹಲ್ಲಿಗೆ ಯಾವ ಡಾಕ್ಟರ್?"

ಅಷ್ಟನ್ನೂ ಅವರೇ ಸುತ್ತಿಗೆಯಿಂದ ಚಪ್ಪಟೆ ಮಾಡಿ ರೀಸೈಕ್ಲಿಂಗ್ ಡಬ್ಬಕ್ಕೆ ಹಾಕಿದರು. ಆಂಟಿಯನ್ನು ಒಂದಿಷ್ಟೂ ಬೈಯಲಿಲ್ಲ. ನಾನಾಗಿದ್ದರೆ ಮನೆಯ ಹೆಂಚು ಹಾರಿಹೋಗುತ್ತಿತ್ತು.

ಆ ವಾರವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ! ಡ್ಯೂಟಿ ಮುಗಿಸಿ ನೇರ ಅವರ ಗ್ಯಾರೇಜು. ಕಪಾಟಿನಲ್ಲಿ ಉಳಿದಿದ್ದ ಹಳೆಯ ಕೇಸುಗಳಲ್ಲಿ ಹೊಸದಾಗಿ ಆರಿಸಿದೆವು. ಆಂಟಿ ತಕ್ಕಡಿ ಹಿಡಿದು ಕೂತರು; ತೂಕದಲ್ಲಿ ಅವರ ಕಣ್ಣು ತಪ್ಪಿಸಿಕೊಳ್ಳುವಂತಿರಲಿಲ್ಲ. ಅಚ್ಚಿನ ಸನ್ನೆಕೋಲು ಒತ್ತುವುದು, ಕತ್ತರಿಸುವುದು ನನ್ನ ಪಾಲು. ಕಾಯಿಸುವಾಗ ಮಾತ್ರ, ಬಣ್ಣ ತಿರುಗುವುದು ಕಾಣಲೆಂದು, ಸಾಹೇಬರು ದೀಪ ಆರಿಸಿಬಿಡುತ್ತಿದ್ದರು. ಕತ್ತಲಲ್ಲಿ ನೀಲಿ ಉರಿ, ಅದರ ಮುಂದೆ ನಾನು ತಿರುಗಿಸುತ್ತಿದ್ದ ಕೇಸು, ಕಿವಿಯ ಹತ್ತಿರ ಅವರ ಉಸಿರು. "ತಡಿ... ತಡಿ... ಹೂಂ, ಬಿಡು!" ಎಂದದ್ದೇ ಬಿಡಬೇಕು, ಕೇಸು ತಟ್ಟೆಯೊಳಗೆ ಟಣ್ಣೆಂದು ಬೀಳಬೇಕು. ಒಂದು ಉಸಿರು ತಡವಾದರೂ ಅದು ತಿರಸ್ಕೃತ. ಎಷ್ಟೊಂದನ್ನು ತಿರಸ್ಕರಿಸಿದರೋ ಮಹಾರಾಯರು! ಎರಡು ಸಲ ಜಗಳವಾಡಿ ಬ್ಯಾಗು ಹೆಗಲಿಗೇರಿಸಿದ್ದೆ. ಆಂಟಿ ಬಿರಿಯಾನಿ ತೋರಿಸಿ ಹಿಂದಕ್ಕೆ ಕರೆದರು.

ಪಂದ್ಯದ ದಿನ ಗುಡ್ಡದ ಮೇಲೆ ಗಾಳಿಯೋ ಗಾಳಿ. ಸಾಹೇಬರು ಚಾಪೆಯ ಮೇಲೆ ಮಲಗಿದರು, ನಾನು ದುರ್ಬೀನಿನಲ್ಲಿ ಕಣ್ಣಿಟ್ಟು ಹಿಂದೆ ಕೂತೆ. ಒಂದು ಗುಂಡು ಹೊಡೆದೊಡನೆ ಗುರಿಹಲಗೆ ಕೆಳಗಿಳಿಯುತ್ತದೆ, ಹಳ್ಳದಲ್ಲಿ ಕೂತವರು ತೂತಿಗೆ ಬಿಲ್ಲೆ ಸಿಕ್ಕಿಸಿ ಮತ್ತೆ ಮೇಲೇರಿಸುತ್ತಾರೆ. ಮೊದಲನೆಯದು ನಡುವೆ. ಎರಡನೆಯದು ನಡುವೆ! ಮೂರು, ನಾಲ್ಕು... ನನಗೆ ಕೂರಲಾಗುತ್ತಿಲ್ಲ, ಕೂಗುವಂತೆಯೂ ಇಲ್ಲ. ಐದನೆಯದಕ್ಕೆ ಮುಂಚೆ ಅವರ ಕೈ ನಡುಗಿತು. ಬೆರಳು ತೆಗೆದರು. ಕಾದರು. ಮತ್ತೆ ಇಟ್ಟರು. ಗುಂಡು ಹಾರಿತು, ಹಲಗೆ ಇಳಿಯಿತು, ಏರಿತು. ಬಿಲ್ಲೆ ವೃತ್ತದ ಹೊರಗೆ, ಬಲಕ್ಕೆ.

ನನ್ನ ಕಣ್ಣಲ್ಲಿ ನೀರು. ಅವರು ಮಾತ್ರ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ, ನನ್ನ ಬೆನ್ನಿಗೆ ಗುದ್ದಿದರು.

"ನೋಡ್ ಬೇಟಾ, ಎತ್ತರ ಅದ ಐತಿ! ಐದೂ ಒಂದ ಗೆರಿ ಮ್ಯಾಲೆ! ಹಿತ್ತಾಳಿ ತಪ್ಪಿಲ್ಲ. ಕೈ ತಪ್ಪೇತಿ."

ಹಬ್ಬದ ಸುದ್ದಿ ಹೇಳುವವರ ಹಾಗೆ ಅದನ್ನು ಕ್ಲಬ್ಬಿನ ಎಲ್ಲರಿಗೂ ಹೇಳುತ್ತಾ ಓಡಾಡಿದರು. ಕೈ ತಪ್ಪಿತೆಂಬ ಭಾಗವನ್ನು ಎಷ್ಟು ಸಲೀಸಾಗಿ ಹೇಳಿದರೆಂಬುದು ನನಗೆ ಕಾರಿನಲ್ಲಿ ಮನೆಗೆ ಬರುವಾಗ ಹೊಳೆಯಿತು. ಮರುವಾರ ಬಂದೂಕು, ಲೈಸೆನ್ಸು ಎರಡೂ ಹೋದವು. ಆಂಟಿ ನನಗೆ ಫೋನ್ ಮಾಡಿ, ಇನ್ನು ಇವರು ಗ್ಯಾರೇಜಿಗೆ ಯಾಕೆ ಹೋಗಬೇಕೆಂದು ಚಿಂತೆ ಮಾಡಿದರು. ನಾನು ಹೋಗಿ ನೋಡಿದರೆ ಸಾಹೇಬರು ಏಪ್ರನ್ ಕಟ್ಟಿಕೊಂಡು ಅಲ್ಲೇ ಇದ್ದಾರೆ, ಮುಖ ಅರಳಿದೆ.

"ಖಾಲಿ ಹಿತ್ತಾಳಿಗೆ ಲೈಸೆನ್ಸ್ ಬ್ಯಾಡ! ನಿನ್ನ ಕೇಸ್ ತಾ ಇಲ್ಲೆ."

ಆಮೇಲೆ ನನ್ನ ಕೇಸುಗಳೆಲ್ಲ ಅವರ ಕೈಯಲ್ಲೇ ಸಿದ್ಧವಾದವು. ಮದ್ದು ತುಂಬುವುದು, ಗುಂಡು ಕೂರಿಸುವುದು ನನ್ನ ಮನೆಯಲ್ಲಿ, ನನ್ನ ಲೈಸೆನ್ಸಿನಲ್ಲಿ. ನಡುಗುವ ಕೈಯಿಂದ ಒಂದು ಕೇಸಿಗೆ ಎಷ್ಟು ಹೊತ್ತು ಬೇಕಾಗುತ್ತಿತ್ತೋ! ಕಳೆದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಸಾಹೇಬರು ಹೋಗಿಬಿಟ್ಟರು... ಕೊನೆಯದಾಗಿ ಅವರು ಮಾಡಿಟ್ಟಿದ್ದ ಕೇಸುಗಳ ಡಬ್ಬಿಯನ್ನು ಆಂಟಿ ನನ್ನ ಕೈಗೆ ಕೊಟ್ಟರು.

ಅದನ್ನು ಮುಟ್ಟಲು ನನಗೆ ಮನಸ್ಸು ಬರಲಿಲ್ಲ. ಒಂದು ಸಲ ಗುಂಡು ಹಾರಿದರೆ ಕೇಸು ಉಬ್ಬುತ್ತದೆ, ಅವರು ಕೊಟ್ಟ ಅಳತೆ ಅಳಿಸಿಹೋಗುತ್ತದೆ. ಆಂಟಿಯೇ ಬೈದರು: "ಶೋಕೇಸಿನಾಗ ಇಡಾಕ ಮಾಡ್ಯಾರೇನವಾ? ಹೊಡಿ ಹೋಗು." ಮದ್ದು ತುಂಬಿಕೊಂಡು ಈ ಭಾನುವಾರ ಹೋದೆ. ಅಷ್ಟನ್ನೂ ಹೊಡೆದೆ. ಎಂದೂ ಇಲ್ಲದಷ್ಟು ಚೆನ್ನಾಗಿ ಹೊಡೆದೆ, ಪಕ್ಕದವರು ಚಪ್ಪಾಳೆ ತಟ್ಟಿದರು. ಹಾರಿಬಿದ್ದ ಕೇಸುಗಳನ್ನು ಹುಲ್ಲಿನಿಂದ ಹೆಕ್ಕಿಕೊಂಡೆ, ಇನ್ನೂ ಬೆಚ್ಚಗಿದ್ದವು. ಈಗ ಅವು ಅಡುಗೆಮನೆಯ ಮೇಜಿನ ಮೇಲಿವೆ. ಇನ್ನು ಇವನ್ನು ಹದ ಮಾಡಬೇಕಾದವಳು ನಾನು, ಮಾಡಲು ಬರುತ್ತದೆ ಕೂಡ. ಅವರ ಅಳತೆಯ ಜಾಗದಲ್ಲಿ ನನ್ನದು ಬರುವುದು ನನಗೆ ಬೇಕಿರಲಿಲ್ಲ.