ಮಗ್ಗದ ಶೆಡ್ಡು, ಅಪ್ಪನ ಕೈಸನ್ನೆ

ನನ್ನ ಡ್ರಮ್ಮಿನ ಪೆಡಲಿಗೆ ಆಗಾಗ ಎಣ್ಣೆ ಬಿಡಬೇಕಾಗುತ್ತದೆ. ಅದಕ್ಕೆಂದೇ ಮಾಡಿದ ದುಬಾರಿ ಎಣ್ಣೆ ಅಂಗಡಿಯಲ್ಲಿ ಸಿಗುತ್ತದಾದರೂ ನಾನು ಹೊಲಿಗೆ ಯಂತ್ರಕ್ಕೂ ಮಗ್ಗಕ್ಕೂ ಹಾಕುವ ತೆಳ್ಳನೆಯ ಎಣ್ಣೆಯನ್ನೇ ತರುತ್ತೇನೆ. ಪೆಡಲಿನ ಸರಪಳಿಯ ಮೇಲೆ ಒಂದೆರಡು ಹನಿ ಬಿದ್ದರೆ ಸಾಕು, ಆ ವಾಸನೆಯ ಹಿಂದೆಯೇ ಗಂಜಿ ಹಾಕಿದ ನೂಲಿನ ಹುಳಿವಾಸನೆ ಬರುತ್ತದೆ, ಮೂಗಿಗೆ ಹತ್ತುವ ಹತ್ತಿಯ ಧೂಳು ಬರುತ್ತದೆ, ಬೆವರಿನ ಬನಿಯನ್ನಿನ ಮೇಲೆ ವಿಭೂತಿ ಉದುರಿಸಿಕೊಂಡು ಅಪ್ಪ ಬರುತ್ತಾನೆ. ಬೆಳಗಾವಿಯ ನೇಕಾರರ ಕೇರಿ ವಡಗಾವಿಯಲ್ಲಿದ್ದ ನಮ್ಮ ಮನೆ ಈಗಿಲ್ಲ. ಹುಟ್ಟಿದ ಮನೆಯನ್ನು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಿಮ್ಮ ಮನೆಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ನಾನು ಡೆತ್ ಮೆಟಲ್ ತಂಡವೊಂದರಲ್ಲಿ ಡ್ರಮ್ ಬಾರಿಸುವವಳು. ಕಿವಿಗಡಚಿಕ್ಕುವ ಗಿಟಾರು, ಹೊಟ್ಟೆಯಾಳದಿಂದ ಗುರುಗುಟ್ಟುವ ಹಾಡು, ಅವೆರಡರ ಬುಡದಲ್ಲಿ ಎರಡೂ ಕೈ ಎರಡೂ ಕಾಲು ಬಿಡುವಿಲ್ಲದೆ ಓಡುವ ಡ್ರಮ್ಮು, ಇದು ನಮ್ಮ ಸಂಗೀತ. ನಿಮ್ಮ ಮೇಲೆ ಯಾರ ಪ್ರಭಾವವಾಗಿದೆ ಎಂದು ಹುಡುಗರು ಮೈಕು ಹಿಡಿದು ಕೇಳುತ್ತಾರೆ, ದೂರದೇಶದ ದೊಡ್ಡ ಹೆಸರೊಂದನ್ನು ನಿರೀಕ್ಷಿಸಿ ಕಣ್ಣರಳಿಸುತ್ತಾರೆ. ನಮ್ಮ ಮನೆಯ ನಾಲ್ಕು ಪವರ್‌ಲೂಮುಗಳದ್ದು ಅನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿರುವುದಿಲ್ಲ.

ಮುಂದೆ ಮನೆ, ಹಿಂದೆ ಮಗ್ಗದ ಶೆಡ್ಡು, ನಡುವೆ ಒಂದೇ ಗೋಡೆ. ನನ್ನ ತೊಟ್ಟಿಲು ಆ ಗೋಡೆಗೆ ಹತ್ತಿಯೇ ತೂಗುತ್ತಿತ್ತಂತೆ. ಲಾಳಿ ಅತ್ತಿಂದಿತ್ತ ಹೊಡೆಯುವ ಸದ್ದಿನಲ್ಲಿ ನಮಗೆಲ್ಲ ಸೊಂಪಾದ ನಿದ್ದೆ, ಕರೆಂಟು ಹೋಗಿ ಮಗ್ಗ ನಿಂತರೆ ಮನೆಮಂದಿಯೆಲ್ಲ ದಡಕ್ಕನೆ ಎದ್ದು ಕೂರುತ್ತಿದ್ದೆವು. ಅಪ್ಪನಂತೂ ಎಂಥ ಗಾಢ ನಿದ್ದೆಯಲ್ಲಿದ್ದರೂ ಒಂದು ಮಗ್ಗ ನಿಂತಿತೆಂದರೆ ಕಣ್ಣು ಬಿಡುತ್ತಿದ್ದ. ನಮ್ಮ ಓಣಿಯಲ್ಲಿ ಮೆಲ್ಲಗೆ ಮಾತಾಡುವವರೇ ಇರಲಿಲ್ಲ. ಗುಟ್ಟನ್ನೂ ಕೂಗಿಯೇ ಹೇಳಬೇಕು, ಕರೆಂಟು ಹೋಗುವುದೋ ಯಾರನ್ನೂ ಕೇಳಿ ಹೋಗುವುದಿಲ್ಲ. ಒಮ್ಮೆ ಅವ್ವ ಪಕ್ಕದ ಮನೆಯವಳಿಗೆ, ನಮ್ಮ ಸೋದರತ್ತೆಯನ್ನು ನೋಡಲು ಬಂದಿದ್ದ ವರನ ಹಲ್ಲಿನ ವರ್ಣನೆ ಮಾಡುತ್ತಿದ್ದಳು. ನಟ್ಟನಡುವೆ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತವು, ಅವ್ವನ ದನಿ ಮಾತ್ರ ನಿಲ್ಲಲಿಲ್ಲ. ಆ ವರನ ಚಿಕ್ಕಮ್ಮ ನಮ್ಮ ಓಣಿಯಲ್ಲೇ ಇದ್ದಳು. ಆ ಸಂಬಂಧ ಅಲ್ಲಿಗೇ ಮುಗಿಯಿತು, ಅತ್ತೆ ಮಾತ್ರ ಅವ್ವನಿಗೆ ಬಹಳ ವರ್ಷ ಕೃತಜ್ಞಳಾಗಿದ್ದಳು.

ಶೆಡ್ಡಿನೊಳಗೆ ಕೂಗಿದರೂ ಕೇಳುತ್ತಿರಲಿಲ್ಲವಾಗಿ ಅಲ್ಲಿ ಕೈಯದೇ ಮಾತು. ಅಪ್ಪನ ಎರಡು ಸನ್ನೆಗಳು ನನ್ನ ಮೈಯಲ್ಲೇ ಉಳಿದುಬಿಟ್ಟಿವೆ. ಮುಷ್ಟಿ ಬಿಗಿದು ಮೇಲೆತ್ತಿದನೆಂದರೆ ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂದು. ಅಂಗೈ ಬಿಚ್ಚಿ, ನೇಯ್ದ ಬಟ್ಟೆಯನ್ನು ಸವರುವ ಹಾಗೆ ಮುಂದಕ್ಕೆ ಜಾರಿಸಿದನೆಂದರೆ ಎಲ್ಲ ಸರಿಯಿದೆ, ನಡೆಯಲಿ ಎಂದು. ಹರಿದ ಎಳೆಯ ಮೇಲೆ ಮಗ್ಗ ಓಡಿಸುವುದು ನಮ್ಮ ಮನೆಯಲ್ಲಿ ಸುಳ್ಳು ಹೇಳುವುದಕ್ಕಿಂತ ದೊಡ್ಡ ತಪ್ಪು. ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ, ಉಟ್ಟವಳು ನೇಯ್ದವನನ್ನು ಬಯ್ಯುತ್ತಾಳೆ. ಎಳೆ ಹರಿದ ತಕ್ಷಣ ನಿಲ್ಲಬೇಕು, ಗಂಟು ಹಾಕಬೇಕು, ಆಮೇಲೆ ಮುಂದಿನದು. ಅಕ್ಷರ ಕಲಿಯುವ ಮೊದಲೇ ನಾನು ಇದನ್ನು ಕಲಿತಿದ್ದೆ.

ನಮ್ಮಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ಯಲ್ಲಪ್ಪ ಕಾಕಾ ಗುಂಜಿಯವನು, ಕುರಿ ಕಾಯುವ ಮನೆತನದವನು. ಸಾಲೆಗೆ ರಜೆ ಬಂದರೆ ನನ್ನನ್ನು ರೈಲಿನಲ್ಲಿ ತನ್ನೂರಿಗೆ ಕರೆದೊಯ್ಯುತ್ತಿದ್ದ. ಕಾಡಿನಂಚಿನ ಆ ಊರಿನಲ್ಲಿ ಮೊದಲೆರಡು ದಿನ ನನಗೆ ನಿದ್ದೆಯೇ ಬರುತ್ತಿರಲಿಲ್ಲ, ಅಷ್ಟು ಸುಮ್ಮನಿರುತ್ತಿತ್ತು. ಭಾರ ಹೊತ್ತ ಗೂಡ್ಸ್ ಗಾಡಿ ಸ್ಟೇಷನ್ನು ದಾಟುವಾಗ ಮಾತ್ರ ನೆಲ ನಿಧಾನವಾಗಿ ಅದುರುತ್ತಿತ್ತು, ಮೈಗೆ ಹಿತವಾಗುತ್ತಿತ್ತು. ಈಗಲೂ ನಮ್ಮ ಹಾಡಿನಲ್ಲಿ ಓಟ ನಿಂತು ಗತಿ ಭಾರವಾಗುವ ಕಡೆ ನಾನು ಆ ಗಾಡಿಯನ್ನೇ ದಾಟಿಸುತ್ತಿರುತ್ತೇನೆ. ಕಾಕಾ ಹಬ್ಬಕ್ಕೆ ಡೊಳ್ಳು ಕಟ್ಟಿಕೊಂಡು ನಿಂತರೆ ಶೆಡ್ಡಿನ ಕಾಕಾ ಆಗಿರುತ್ತಿರಲಿಲ್ಲ, ಎರಡಾಳಿನಷ್ಟು ಎತ್ತರವಾಗಿ ಕಾಣುತ್ತಿದ್ದ. ನಾನು ಹಟ ಹಿಡಿದು ಡೊಳ್ಳು ಬಾರಿಸುವ ಕೋಲು ಗುಣಿಯನ್ನು ಕಸಿದುಕೊಂಡು ಹಲ್ಲು ಕಚ್ಚಿ ಬಡಿದಾಗ ಅವನು ನನ್ನ ಮಣಿಕಟ್ಟು ಹಿಡಿದ. "ಬಡೀಬ್ಯಾಡವಾ, ಬೀಳಾಕ ಬಿಡು. ಕೈಗೆ ಅದರದ್ದ ಆದ ಭಾರ ಐತಿ," ಅಂದ. ಗಂಟೆಗಟ್ಟಲೆ ಬಾರಿಸಿದರೂ ನನ್ನ ಭುಜ ನೋಯುವುದಿಲ್ಲ, ಅದಕ್ಕೆ ಈ ಮಾತೇ ಕಾರಣ.

ಕಾಲೇಜಿನಲ್ಲಿ ಖಾನಾಪುರದ ಅನಿಕೇತ ಸಿಕ್ಕ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಗಿಟಾರು ಹಿಡಿದರೆ ಎರಡೂ ಮರೆಯುವವನು. ಅವನೇ ಮೊದಲು ಇಯರ್‌ಫೋನಿನಲ್ಲಿ ಈ ಸಂಗೀತವನ್ನು ನನ್ನ ಕಿವಿಗೆ ಸಿಕ್ಕಿಸಿದ್ದು. ಹೆದರಿ ಕಿತ್ತೆಸೆಯುತ್ತೇನೆಂದು ಕಾದಿದ್ದವನಿಗೆ, ಇದು ನಮ್ಮ ಶೆಡ್ಡಿನ ಸದ್ದಲ್ಲವೇನೋ ಎಂದು ಕೇಳಿದೆ. ಲಾಳಿಯ ಹೊಡೆತ, ಮೋಟಾರಿನ ಬೆಲ್ಟಿನ ಗುಂಯ್‌ಗುಟ್ಟುವಿಕೆ, ನೆಲದ ನಡುಕ, ಎಲ್ಲವೂ ಅದರಲ್ಲಿತ್ತು. ನಾನು ನಿಜಕ್ಕೂ ಮನೆಗೆ ಬಂದಿದ್ದೆ. ಅವನು ತಂಡ ಕಟ್ಟಿದ, ನಾನು ಡ್ರಮ್ಮಿಗೆ ಕೂತೆ, ಖಾನಾಪುರದ ಒಂದು ಹಳೆಯ ಹೆಂಚಿನ ಗೋದಾಮಿನಲ್ಲಿ ನಮ್ಮ ಅಭ್ಯಾಸ ಶುರುವಾಯಿತು. ನನ್ನ ಕಾಲಿನ ವೇಗ ನೋಡಿ ತಂಡದವರು ಬೆರಗಾದರು, ಅದರಲ್ಲಿ ನನಗೆ ಸಂಕೋಚವೇನೂ ಇಲ್ಲ, ಅಂಥ ವೇಗ ಆಗ ಬೆಳಗಾವಿಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ತೊಂದರೆ ಇದ್ದದ್ದು ಬೇರೆ. ಒಂದು ಪೆಟ್ಟು ತಪ್ಪಿದರೆ ಸಾಕು, ನನ್ನ ಕೈಕಾಲು ತಾವಾಗಿಯೇ ನಿಲ್ಲುತ್ತಿದ್ದವು. ಮುಷ್ಟಿ ಮೇಲೇಳುತ್ತಿತ್ತು. ತಂಡದವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಮುಗ್ಗರಿಸುತ್ತಿದ್ದರು. ನೇಕಾರರ ಮನೆಯ ಮಕ್ಕಳಿಗಲ್ಲದೆ ಇನ್ನಾರಿಗೂ ಬರಲಾರದ ರೋಗ ಅದು. ತಪ್ಪಿದ್ದನ್ನು ಸರಿಮಾಡದೆ ಮುಂದೆ ಹೋಗುವುದು ನನಗೆ ಗೊತ್ತೇ ಇರಲಿಲ್ಲ. ಬೆಳಗಾವಿಯ ಸಭಾಂಗಣವೊಂದರಲ್ಲಿ ಮೊದಲ ಕಾರ್ಯಕ್ರಮ ನಿಗದಿಯಾದಾಗ ಅನಿಕೇತ ನನ್ನನ್ನು ಬಾಜೂಕ ಕರೆದ.

"ಸ್ಟೇಜ್ ಮ್ಯಾಲ ಹಿಂಗ ನಿಂತೀ ಅಂದ್ರ, ಮುಂದ ಪುಣೆದಿಂದ ಬ್ಯಾರೆ ಡ್ರಮ್ಮರ್‌ನ ಕರಸ್ತೀನಿ. ಖರೇ ಹೇಳಾಕತ್ತೀನಿ, ಸಿಟ್ಟಾಗಬ್ಯಾಡ."

ನನಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಆ ಹೊತ್ತಿಗೆ ನಮ್ಮ ಶೆಡ್ಡಿನಲ್ಲಿ ಎರಡು ಮಗ್ಗ ನಿಂತುಹೋಗಿದ್ದವು. ನನ್ನ ಮನೆಯ ಸದ್ದು ಇನ್ನು ಮುಂದೆ ಎಲ್ಲಾದರೂ ಉಳಿಯುವುದಾದರೆ ಈ ಡ್ರಮ್ಮಿನಲ್ಲೇ ಎಂದು ನನಗನಿಸಿತ್ತು. ಅದೂ ಕೈತಪ್ಪಿದರೆ ಏನು ಮಾಡಲಿ?

ಕಾರ್ಯಕ್ರಮಕ್ಕೆ ಅಪ್ಪ ಬಂದ. ಮಗ್ಗದ ಸದ್ದಿಗೆ ಕಿವಿ ಮುಕ್ಕಾಲು ಕೊಟ್ಟುಬಿಟ್ಟಿದ್ದವನಿಗೆ ಏನು ಕೇಳಿಸೀತೆಂದು ಅವ್ವ ತಡೆದಿದ್ದಳಂತೆ, ನೋಡಾಕ ಹೊಂಟೀನಿ ಎಂದು ಟೋಪಿ ಹಾಕಿಕೊಂಡು ಹೊರಟನಂತೆ. ತಲೆಬುರುಡೆಯ ಚಿತ್ರದ ಕರಿ ಅಂಗಿಯ ಹುಡುಗರು ಧೋತರದ ಮುದುಕನಿಗೆ ಭಕ್ತಿಯಿಂದ ದಾರಿ ಬಿಟ್ಟರು, ಒಬ್ಬ ಕುರ್ಚಿಯನ್ನೂ ತಂದ. ಅಪ್ಪ ಕೂರಲಿಲ್ಲ. ಮಗ್ಗ ಓಡುತ್ತಿರುವಾಗ ಕೂತು ಅವನಿಗೆ ಅಭ್ಯಾಸವಿರಲಿಲ್ಲ. ಕಂಬಕ್ಕೆ ಅಂಗೈ ಒತ್ತಿಕೊಂಡು ನನ್ನ ಕಾಲುಗಳನ್ನೇ ನೋಡುತ್ತ ನಿಂತ. ಮೊದಲೆರಡು ಹಾಡು ನೀರು ಕುಡಿದಷ್ಟು ಸಲೀಸಾಗಿ ಹೋದವು. ಮೂರನೆಯದರ ನಡುವೆ, ಎರಡೂ ಕಾಲು ಪೂರ್ತಿ ವೇಗದಲ್ಲಿರುವಾಗ, ಎಡಗಾಲಿನ ಪೆಡಲಿನ ಸ್ಪ್ರಿಂಗು ಕಿತ್ತುಹೋಯಿತು. ಕಾಲ ಕೆಳಗೆ ಏನೂ ಇಲ್ಲದಂತಾಯಿತು. ನನ್ನ ಮುಷ್ಟಿ ಬಿಗಿಯುತ್ತಿರುವುದು ನನಗೇ ತಿಳಿಯುತ್ತಿತ್ತು. ಅಪ್ಪನ ಕಡೆ ನೋಡಿದೆ. ಎಳೆ ಹರಿದದ್ದನ್ನು ಆ ಸಭೆಯಲ್ಲಿ ಕಂಡವನು ಅವನೊಬ್ಬನೇ. ಮುಷ್ಟಿ ಎತ್ತುತ್ತಾನೆಂದುಕೊಂಡೆ. ಅಪ್ಪ ಕಂಬದಿಂದ ಕೈ ತೆಗೆದ, ಅಂಗೈ ಬಿಚ್ಚಿದ, ಮುಂದಕ್ಕೆ ಜಾರಿಸಿದ. ನಡೆಯಲಿ.

ಎಡಗಾಲಿನ ಪಾಲನ್ನು ಬಲಗಾಲಿಗೆ ಕೊಟ್ಟೆ, ಅದಕ್ಕೆ ನಿಭಾಯಿಸಲಾಗದ್ದನ್ನು ಬಲಗಡೆಯ ದೊಡ್ಡ ಡ್ರಮ್ಮಿನ ಮೇಲೆ ಕೈಯಲ್ಲಿ ತುಂಬಿದೆ, ಕಾಕಾ ಹೇಳಿದಂತೆ ಕೈ ಬೀಳಲು ಬಿಟ್ಟು. ಹಾಡು ಬೇರೆಯೇ ಆಯಿತು, ಇನ್ನೂ ಭಾರವಾಯಿತು, ನಿಲ್ಲಲಿಲ್ಲ. ಅನಿಕೇತ ತಿರುಗಿ ನೋಡಿ ನಕ್ಕ. ಆಮೇಲೆ ಅವನು ಪುಣೆಯ ಹೆಸರು ಎತ್ತಲಿಲ್ಲ. ಮನೆಗೆ ಬಂದು ಅಪ್ಪನ ಕಿವಿಯ ಬಳಿ ಕೂಗಿ ಕೇಳಿದೆ, ಎಳೆ ಹರಿದದ್ದು ಕಂಡರೂ ಯಾಕೆ ನಿಲ್ಲಿಸಲಿಲ್ಲ ಎಂದು.

"ನೇಯೂ ಅರಿವಿ ಆಗಿದ್ರ ನಿಂದರಸ್ತಿದ್ದೆ," ಅಂದ ಅಪ್ಪ. "ಹರದ ಎಳಿ ಅರಿವ್ಯಾಗ ಹಂಗ ಉಳೀತೈತಿ. ನಿಂದು ಬಾರಿಸಿದ ಕೂಡ್ಲೇ ಹೋಗಿಬಿಡತೈತಿ. ಹೋಗೂದನ್ನ ಹಿಡಕೊಂಡು ಯಾಕ ಕುಂದರತೀಯವಾ?"

ಹೋಗುವುದೆಲ್ಲ ಹೋಯಿತು. ಮಗ್ಗಗಳು ಗುಜರಿಗೆ ಹೋದವು, ಶೆಡ್ಡು ಇದ್ದ ಕಡೆ ಈಗ ಯಾರದೋ ಕಾರುಗಳು ನಿಲ್ಲುತ್ತವೆ, ಯಲ್ಲಪ್ಪ ಕಾಕಾ ಗುಂಜಿಯ ಮಣ್ಣು ಸೇರಿದ. ನಮ್ಮ ಓಣಿಯಲ್ಲಿ ಈಗ ಜನ ಮೆಲ್ಲಗೆ ಮಾತಾಡುತ್ತಾರೆ, ಕೇಳಿದರೆ ನನಗೆ ಸಂಕಟವಾಗುತ್ತದೆ. ಅಪ್ಪನ ಕೊನೆಯ ದಿನಗಳಲ್ಲಿ ಅವನ ಕಿವಿ ಪೂರ್ತಿ ಮುಚ್ಚಿತ್ತು. ಒಂದು ಮಧ್ಯಾಹ್ನ ಅವನ ಕಬ್ಬಿಣದ ಮಂಚದ ಅಂಚಿಗೆ ಕೂತಿದ್ದೆ. ನನ್ನ ಹಿಮ್ಮಡಿಗಳು ಅಭ್ಯಾಸಬಲದಿಂದ ಮಂಚದ ಪಟ್ಟಿಗೆ ಬಡಿಯುತ್ತಿದ್ದವು, ಮಂಚವೆಲ್ಲ ಸಣ್ಣಗೆ ಅದುರುತ್ತಿತ್ತು, ಅಪ್ಪ ಮಲಗಿದ್ದ. ತೊಂದರೆಯಾದೀತೆಂದು ಕಾಲು ನಿಲ್ಲಿಸಿದೆ. ಕೂಡಲೇ ಅವನು ಕಣ್ಣು ಬಿಟ್ಟ, ಮಗ್ಗ ನಿಂತರೆ ಏಳುತ್ತಿದ್ದ ಹಾಗೆಯೇ. ಹೊದಿಕೆಯ ಮೇಲೆ ಅಂಗೈ ಬಿಚ್ಚಿ ಮುಂದಕ್ಕೆ ಜಾರಿಸಿದ. ಮತ್ತೆ ಶುರುಮಾಡಿದೆ, ಸಣ್ಣಗೆ, ನಾಲ್ಕು ಮಗ್ಗದ ಗತಿಯಲ್ಲಿ. ಅವನ ಮುಖ ಸಡಿಲವಾಯಿತು, ಕಣ್ಣು ಮುಚ್ಚಿದವು. ಬಿಸಿಲು ಗೋಡೆಯಿಂದ ಇಳಿಯುವ ತನಕ ಒಂದು ಪೆಟ್ಟೂ ತಪ್ಪಿಸದೆ ಬಾರಿಸಿದೆ, ಅಷ್ಟು ಚೆನ್ನಾಗಿ ನಾನು ಇನ್ನೆಂದೂ ಬಾರಿಸಿಲ್ಲ. ಅವ್ವ ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು. ಕಾಲು ನಿಲ್ಲಿಸಿದೆ. ಅಪ್ಪ ಏಳಲಿಲ್ಲ.