ಕಿಡಿ ಕಾಯುವ ಕೆಲಸ

ನನ್ನ ಹೆಂಡತಿ ವೆಲ್ಡಿಂಗ್ ಕಲಿಯಲು ಹೊರಟಾಗ ನಾನು ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಮಗಳು ಕಾಲೇಜಿಗೆಂದು ಬೇರೆ ರಾಜ್ಯಕ್ಕೆ ಹೋಗಿದ್ದಳು. ಮಿಲ್ ಕ್ರೀಕ್‌ನ ಮನೆಯಲ್ಲಿ ನಾವಿಬ್ಬರೇ. ಬಸ್ಸಿನಲ್ಲಿ ನಗರದ ನಡುವಿನ ಡೆನ್ನಿ ಟ್ರಯಾಂಗಲ್‌ನ ಆಫೀಸಿಗೆ ಹೋಗಿ ದಿನವೆಲ್ಲ ಸ್ಕ್ರೀನ್ ನೋಡಿ ಬರುವವಳು ವಾರಕ್ಕೆರಡು ಸಂಜೆ ಕಮ್ಯುನಿಟಿ ಕಾಲೇಜಿನ ವರ್ಕ್‌ಶಾಪಿನಲ್ಲಿ ಕಬ್ಬಿಣ ಬೆಸೆದು ಬಂದರೆ ಬರಲಿ ಅಂದುಕೊಂಡೆ. ಯಾಕೆ ಈ ಹುಚ್ಚು ಅಂತ ಒಮ್ಮೆ ಕೇಳಿದ್ದೆ. ಅವಳು ಗದಗದವಳು. ಮೈಸೂರಿನವನನ್ನು ಮದುವೆಯಾಗಿ ಇಷ್ಟು ವರ್ಷವಾದರೂ ತನ್ನ ಮಾತು ಬಿಟ್ಟುಕೊಟ್ಟವಳಲ್ಲ. “ಕೈಗೂ ಏನರ ಕೆಲಸ ಬೇಕಲ್ರಿ,” ಅಂದಳು. ಅಷ್ಟೇ.

ಆಮೇಲೆ ಕಾರು ಬಂತು. ಬೇಸಿಗೆಯಲ್ಲಿ ಸ್ನೊಹೊಮಿಶ್ ಕಡೆಯ ತೋಟವೊಂದಕ್ಕೆ ಬ್ಲೂಬೆರಿ ಬಿಡಿಸಲು ಹೋಗಿದ್ದೆವು. ಅಲ್ಲಿ ಹಳೆಯ ಶೆಡ್ಡಿನ ಪಕ್ಕ, ಮುಳ್ಳುಕಂಟಿಯ ನಡುವೆ ಅದು ನಿಂತಿತ್ತು. ಅರವತ್ತರ ದಶಕದ ಕೊನೆಯ ಎರಡು ಬಾಗಿಲಿನ ಕಾರು, ಉದ್ದನೆಯ ಬಾನೆಟ್ಟು, ಒಳಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನು. ಇಲ್ಲಿಯವರು ಮಸಲ್ ಕಾರ್ ಅಂತ ಪ್ರೀತಿಯಿಂದ ಕರೆಯುವ ಜಾತಿ. ಕಿಟಕಿಯ ರಬ್ಬರಿನ ಮೇಲೆಲ್ಲ ಹಸಿರು ಪಾಚಿ ಬೆಳೆದಿತ್ತು. ನಾನು ಬುಟ್ಟಿ ಹಿಡಿದುಕೊಂಡು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಇವಳು ತೋಟದ ಮುದುಕನ ಹತ್ತಿರ ಕೊಳ್ಳುವ ಮಾತು ಮುಗಿಸಿದ್ದಳು. ಮುಂದಿನ ವಾರ ಟೋ ಮಾಡುವವನು ಅದನ್ನು ತಂದು ನಮ್ಮ ಗರಾಜಿನೊಳಗೆ ಇಳಿಸಿ ಹೋದ. ನನ್ನ ಕಾರು ರಸ್ತೆಗೆ ಬಂತು.

ಮೊದಲ ದಿನ ಕಾರ್ಪೆಟ್ಟು ಕಿತ್ತು ತೆಗೆದು, ಸ್ಕ್ರೂಡ್ರೈವರಿನ ತುದಿಯಿಂದ ನೆಲದ ತಗಡನ್ನು ಒತ್ತಿ ನೋಡಿದಳು. ಒದ್ದೆ ರಟ್ಟಿನೊಳಗೆ ಹೋದ ಹಾಗೆ ಅದು ಸಲೀಸಾಗಿ ಒಳಗೆ ಹೋಯಿತು. ಇನ್ನೊಂದು ಕಡೆ ಒತ್ತಿದಳು, ಅಲ್ಲೂ ಹೋಯಿತು. ಬಾಗಿಲ ಕೆಳಗೆ ಮುಂಚಕ್ರದಿಂದ ಹಿಂಚಕ್ರದವರೆಗೆ ಪೆಟ್ಟಿಗೆಯ ಹಾಗೆ ಒಂದು ಉದ್ದನೆಯ ಭಾಗ ಇರುತ್ತದೆ, ರಾಕರ್ ಅನ್ನುತ್ತಾರೆ. ಅದನ್ನು ಬೆರಳಿನಿಂದ ತಟ್ಟಿದರೆ ಒಳಗಿನಿಂದ ತುಕ್ಕಿನ ಪುಡಿ ಝರಝರ ಸುರಿಯಿತು. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು, ಆ ಭಾರ ಹೊರುವುದೇ ಈ ನೆಲ ಮತ್ತು ರಾಕರುಗಳು ಅಂತ ಅವಳು ವಿವರಿಸಿದಳು. ಹಾಗಾದರೆ ಈಗ ಹೊರುತ್ತಿರುವುದು ಏನು ಅಂತ ಕೇಳಿದೆ. ಅಭ್ಯಾಸಬಲ ಇರಬೇಕು ಅಂದಳು. ಅವಳು ನಕ್ಕಳು, ನನಗೆ ನಗು ಬರಲಿಲ್ಲ.

ನಾನು ಹೆದರುವ ಸ್ವಭಾವದವನು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸು ಬಂದವನು. ಅಂಥವನ ಮಲಗುವ ಕೋಣೆಯ ಕೆಳಗೇ ಒಂದು ಗರಾಜು, ಅದರಲ್ಲಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತ ಕಾರು, ಅದರ ಅಡಿಯಲ್ಲಿ ಅಂಗಾತ ಮಲಗಿದ ಹೆಂಡತಿ. ಪೆಟ್ರೋಲ್ ಟ್ಯಾಂಕನ್ನು ಅವಳು ಮೊದಲೇ ಬಿಚ್ಚಿ ಹೊರಗೆ ಸಾಗಿಸಿದ್ದಳು. ಸ್ಟ್ಯಾಂಡುಗಳನ್ನು ನಾನು ದಿನಾ ಕಾಲಿನಿಂದ ಒದ್ದು ನೋಡುತ್ತಿದ್ದೆ. ಸುಮ್ಮನೆ ಅಲ್ಲಿ ಇಲ್ಲಿ ಸುಳಿದಾಡುವ ಬದಲು ಒಂದು ಕೆಲಸ ಮಾಡಿ ಅಂತ ಅವಳೇ ನನಗೊಂದು ಹುದ್ದೆ ಕೊಟ್ಟಳು. ಬೆಸೆದು ಮುಗಿಸಿದ ಮೇಲೂ ಒಬ್ಬರು ಸುಮಾರು ಹೊತ್ತು ಕೂತು ಕಿಡಿ ಎಲ್ಲಿಯಾದರೂ ಉಳಿದಿದೆಯೇ ಅಂತ ಕಾಯಬೇಕಂತೆ, ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಒಂದು ಪ್ಲಾಸ್ಟಿಕ್ ಕುರ್ಚಿ, ಬೆಂಕಿ ಆರಿಸುವ ಕೆಂಪು ಸಿಲಿಂಡರು, ಒಂದು ಬಕೆಟ್ ನೀರು ನನ್ನ ಪಾಲಿಗೆ ಬಂದವು.

ಎಡಗಡೆಯ ರಾಕರನ್ನು ಮೊದಲು ಕತ್ತರಿಸುವುದು ಅಂತಾಯಿತು. ಕತ್ತರಿಸಿದ ಕೂಡಲೇ ಬಾಡಿ ಜಗ್ಗಬಾರದೆಂದು ಬಾಗಿಲು ಕಳಚಿ ಆ ಜಾಗಕ್ಕೆ ಅಡ್ಡಡ್ಡ ಚೌಕ ಪೈಪುಗಳನ್ನು ಬೆಸೆದಳು. ಕಬ್ಬಿಣ ಕೊಯ್ಯುವ ಗ್ರೈಂಡರ್ ಶುರುವಾದಾಗ ನನ್ನ ಹಲ್ಲುಗಳೆಲ್ಲ ಜುಮ್ಮೆಂದವು. ಕೊಳೆತ ಭಾಗ ಕಳಚಿ ನೆಲಕ್ಕೆ ಬಿದ್ದಿತು. ಕಾರು ಕದಲಲಿಲ್ಲ. ಹೊಸ ತಗಡನ್ನು ಇಟ್ಟು, ಇಕ್ಕಳದಂಥ ಕ್ಲಾಂಪು ಬಿಗಿದು, ಅಲ್ಲೊಂದು ಇಲ್ಲೊಂದು ಬೆಸುಗೆಯ ಚುಕ್ಕೆ ಇಡುತ್ತ ಕೆಲವು ಶನಿವಾರಗಳಲ್ಲಿ ಅವಳು ಅದನ್ನು ಪೂರ್ತಿ ಬೆಸೆದಳು. ಪೈಪುಗಳನ್ನು ತೆಗೆದು ಬಾಗಿಲು ಕೂರಿಸಿದೆವು.

ಬಾಗಿಲು ಹಾಕಿಕೊಂಡಿತು. ಆದರೆ ಹಿಂದಿನ ಮೇಲಿನ ಮೂಲೆಯಲ್ಲಿ ಬಾಡಿಗೆ ತಾಗುತ್ತಿತ್ತು. ಕೆಳಗೆ ಬೆರಳು ತೂರುವಷ್ಟು ಸಂದು, ಮೇಲೆ ಕಾಗದವೂ ತೂರದು. ನಾನು ಒಂದೆರಡು ಸಲ ಬಗ್ಗಿ ನೋಡಿ, “ಇಲ್ಲಿ ನೋಡು, ಸರಿ ಇಲ್ಲ ಅನ್ಸತ್ತೆ,” ಅಂದೆ. ಅವಳಿಗೂ ಆಗಲೇ ಕಂಡಿತ್ತು. ಸ್ಟ್ಯಾಂಡುಗಳು ಎರಡು ತುದಿಗೆ ತೀರಾ ದೂರವಾಗಿ ಕೂತಿದ್ದವು, ನಡುವೆ ಕಾರು ತುಸು ಜೋತಿತ್ತು. ಆ ಜೋತ ಸ್ಥಿತಿಯಲ್ಲೇ ಪೈಪನ್ನೂ ಬೆಸೆದು, ಹೊಸ ತಗಡನ್ನೂ ಬೆಸೆದುಬಿಟ್ಟಿದ್ದಳು. ಆ ಸಂಜೆ ಅವಳು ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಕಂಡದ್ದನ್ನು ಹೇಳಿದ್ದಕ್ಕೆ ಸಿಟ್ಟೋ, ತನ್ನ ಮೇಲೇ ಸಿಟ್ಟೋ ನನಗೆ ತಿಳಿಯಲಿಲ್ಲ.

ಮುಂದಿನ ಶನಿವಾರ ತಾನೇ ಬೆಸೆದದ್ದನ್ನು ತಾನೇ ಕತ್ತರಿಸಲು ಕೂತಳು. ಕಿಡಿಗಳು ನೀಳವಾಗಿ ಹಿಂಚಕ್ರದ ಕಡೆಗೆ ಹಾರುತ್ತಿದ್ದವು. ಒಂದು ಬದಿ ಬಿಡಿಸಿ, ಬೆವರು ಒರೆಸಿಕೊಂಡು, ಸ್ನಾನ ಮಾಡಿ ಬರ್ತೀನಿ ಅಂತ ಒಳಗೆ ಹೋದಳು. ನಾನು ಕುರ್ಚಿಯಲ್ಲಿ ಕೂತೆ. ಹೊರಗೆ ಸೋನೆ ಹನಿಯುತ್ತಿತ್ತು, ಗರಾಜಿನ ಬಾಗಿಲು ಅರ್ಧ ತೆರೆದಿತ್ತು.

ಮೊದಲು ಬಂದದ್ದು ವಾಸನೆ. ಕಾದ ಕಬ್ಬಿಣದ ವಾಸನೆ ಅಷ್ಟರಲ್ಲಿ ನನಗೆ ಪರಿಚಯವಾಗಿತ್ತು, ಇದು ಅದಲ್ಲ. ಕೂದಲು, ಹಳೆ ಗೋಣಿಚೀಲ ಸುಟ್ಟ ಹಾಗೆ. ಎದ್ದು ಕಾರಿನ ಸುತ್ತ ಬಂದೆ, ಏನೂ ಕಾಣಲಿಲ್ಲ. ನನ್ನ ಭ್ರಮೆಯೇ ಇರಬೇಕು, ಇಂಥ ಭ್ರಮೆ ನನಗೆ ಹೊಸದಲ್ಲ ಅಂತ ಮತ್ತೆ ಕೂತೆ. ಕೂರಲಾಗಲಿಲ್ಲ. ಹಿಂಚಕ್ರದ ಹತ್ತಿರ ಮೊಣಕಾಲೂರಿ ನೋಡಿದರೆ, ರಾಕರು ಕೊನೆಗೊಳ್ಳುವಲ್ಲಿ ಒಂದು ಸಣ್ಣ ತೂತಿನಿಂದ ಹೊಗೆಯ ಎಳೆ ಬರುತ್ತಿತ್ತು. ಊದುಬತ್ತಿಯದಷ್ಟೇ ಇತ್ತು. ನೋಡುತ್ತಿದ್ದ ಹಾಗೇ ದಪ್ಪವಾಯಿತು.

ಕೆಂಪು ಸಿಲಿಂಡರಿನ ಪಿನ್ನು ಎಳೆದು ಒತ್ತಿದೆ. ಬಿಳಿ ಪುಡಿಯೆಲ್ಲ ಹೊರಗಿನ ತಗಡಿಗೆ ಬಡಿದು ನನ್ನ ಮುಖಕ್ಕೇ ಬಂತು. ಬೆಂಕಿ ಇದ್ದದ್ದು ತಗಡಿನ ಒಳಗೆ, ನನ್ನ ಕೈಗೆ ಸಿಗದ ಜಾಗದಲ್ಲಿ. ಅವಳನ್ನು ಕೂಗಿದೆ. ಒದ್ದೆ ತಲೆಯಲ್ಲೇ ಓಡಿ ಬಂದಳು. ಒಂದು ಕ್ಷಣ ನೋಡಿ, “ಹೊರಗಿನ ನೀರಿನ ಪೈಪ್ ತರ್ರಿ, ಆ ತೂತಿನ್ಯಾಗ ಹಾಕ್ರಿ,” ಅಂದಳು. ಪೈಪು ತಂದೆ, ಅವಳು ನಲ್ಲಿ ತಿರುಗಿಸಿದಳು. ಒಳಗೆ ಚುಂಯ್ ಅಂದಿತು. ಕಪ್ಪು ನೀರು ಡ್ರೈವ್‌ವೇ ಉದ್ದಕ್ಕೂ ಹರಿಯಿತು. ಅದರಲ್ಲಿ ಅರೆ ಸುಟ್ಟ ಹುಲ್ಲು, ಹತ್ತಿಯ ಉಂಡೆ, ಹಣ್ಣಿನ ಬೀಜಗಳು. ತೋಟದಲ್ಲಿ ನಿಂತ ವರ್ಷಗಳಲ್ಲಿ ಇಲಿಗಳು ರಾಕರಿನ ಹಿಂದೆ ನಾವು ಬಿಚ್ಚದೆ ಬಿಟ್ಟ ಹಳೆಯ ಪೆಟ್ಟಿಗೆಯೊಳಗೆ ಗೂಡು ಕಟ್ಟಿದ್ದವು. ಕಿಡಿ ಅಲ್ಲಿಗೆ ಹೋಗಿ ಕೂತಿತ್ತು.

ನಾಯಿ ಅಡ್ಡಾಡಿಸಲು ಬಂದಿದ್ದ ಪಕ್ಕದ ಮನೆಯಾಕೆ ಛತ್ರಿ ಹಿಡಿದು ನಿಂತು, ಫೈರ್‌ನವರನ್ನು ಕರೆಯಲೇ ಅಂತ ಕೇಳಿದಳು. ನಾನು ನಾಚಿಕೆಗೆ ಬೇಡ ಅನ್ನುವುದರಲ್ಲಿದ್ದೆ. ನನ್ನ ಹೆಂಡತಿ ಕರೀರಿ ಅಂದಳು. ಅವರು ಬಂದು, ಶಾಖ ತೋರಿಸುವ ಕ್ಯಾಮೆರಾವನ್ನು ಕಾರಿನ ಉದ್ದಕ್ಕೂ, ಆಮೇಲೆ ಗರಾಜಿನ ಗೋಡೆಗೂ ಮಾಳಿಗೆಗೂ ಹಿಡಿದು ನೋಡಿ, ಆರಿದೆ ಅಂದರು. ಬೈಯಲಿಲ್ಲ. ಒಳಗಿನ ಗೂಡುಗಳನ್ನೆಲ್ಲ ತೆಗೆಯದೆ ಮತ್ತೆ ಕಿಡಿ ಹಾರಿಸಬೇಡಿ ಅಂತ ಮಾತ್ರ ಹೇಳಿ ಹೋದರು. ಅವರ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಪುಡಿ ಬಿದ್ದ ಕುರ್ಚಿಯ ಮೇಲೇ ಕೂತೆ.

ಅವಳು ಕಾರಿಗೆ ಹೊದಿಕೆ ಹಾಕಿದಳು. ಆಮೇಲೆ ಆ ಕಾರಿನ ಮಾತೇ ಮನೆಯಲ್ಲಿ ಬರಲಿಲ್ಲ. ಬಸ್ಸಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಸಾರು ಕುದಿಸುತ್ತಿದ್ದಳು. ಮಗಳಿಗೆ ಫೋನಿನಲ್ಲಿ ವಿಷಯ ತಿಳಿದಾಗ ಅವಳು ಇಂಗ್ಲಿಷಿನಲ್ಲಿ ಜೋರಾಗಿಯೇ, ಅದನ್ನು ಇವತ್ತೇ ಮಾರಿ ಅಂದಳು. ನನಗೂ ಬೇಕಾದದ್ದು ಅದೇ. ಆದರೆ ಹೆಂಡತಿ ಊಟವಾದ ಮೇಲೆ ಟೇಬಲ್ ಮುಂದೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರುವುದನ್ನು ನೋಡಿದಾಗ ನೆಮ್ಮದಿ ಅನ್ನಿಸಲಿಲ್ಲ. ಇನ್ನೊಂದು ಥರದ ದಿಗಿಲು ಶುರುವಾಯಿತು. ಅವಳು ಹೀಗೆ ಸುಮ್ಮನಿದ್ದದ್ದನ್ನು ನಾನು ಕಂಡದ್ದೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಾಗ, ಬೆಂಕಿಗೆ ಹೆದರಿ ಬಿಟ್ಟೆಯಾ ಅಂತ ನೇರವಾಗಿ ಕೇಳಿದೆ.

“ಬೆಂಕೀದು ಹೆದರಿಕಿ ಇಲ್ರಿ. ನೀವು ಅಲ್ಲೇ ಕೂತಿದ್ರಿ,” ಅಂದಳು. “ನಾ ಬೆಸದದ್ದರ ಮ್ಯಾಲ ನಾಳೆ ಯಾರರ ಕೂತು ಹೋಗ್ತಾರಲ್ಲ. ನೀವ ಕೂಡ್ತೀರಿ, ಮಗಳು ಕೂಡ್ತಾಳ. ಆ ಬೆಸುಗಿ ಬಿಟ್ಟರ? ಅದು ಹೆದರಿಕಿ.”

ನನಗೂ ಅದೇ ಭಯವಿತ್ತು, ಮೊದಲ ದಿನದಿಂದಲೂ. ಅವಳ ಮುಂದೆ ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ. ಈಗ ಹೇಳಿದೆ. ಅವಳು ತಲೆಯೆತ್ತಿ ನೋಡಿದಳು. “ಮತ್ತ ಇಷ್ಟು ದಿನ ಸ್ಟ್ಯಾಂಡು ಒದಕೋತ ಇದ್ರಲ್ಲ, ಇದನ್ನ ಯಾಕ ಹೇಳ್ಲಿಲ್ಲ?” ಅಂದಳು. ಅವತ್ತು ಮಧ್ಯಾಹ್ನ ಹೊದಿಕೆ ತೆಗೆದೆವು.

ಅಲ್ಲಿಂದ ಮುಂದೆ ಕೆಲಸ ತೀರಾ ನಿಧಾನವಾಯಿತು, ನನ್ನ ಸ್ವಭಾವಕ್ಕೆ ಅದೇ ಹಿತ. ವೈರಿನ ತುದಿಗೆ ಕ್ಯಾಮೆರಾ ಇರುವ ಸಾಧನವೊಂದನ್ನು ತಂದು ಪ್ರತಿ ಪೆಟ್ಟಿಗೆಯೊಳಗೂ ಇಳಿಸಿ ನೋಡಿದೆವು. ಕೊಕ್ಕೆ ಹಾಕಿ ಗೂಡುಗಳನ್ನು ಎಳೆದು ಎಳೆದು ಚೀಲ ತುಂಬಿಸಿದೆ. ಸ್ಟ್ಯಾಂಡುಗಳ ಜಾಗ ಬದಲಾಯಿಸಿ, ನಡುವೆ ಇನ್ನೆರಡು ಇಟ್ಟೆವು. ಬಾಗಿಲ ಜಾಗವನ್ನು ಮೂಲೆಯಿಂದ ಮೂಲೆಗೆ ಟೇಪಿನಿಂದ ಅಳೆಯುವುದು, ಎಡಕ್ಕೂ ಬಲಕ್ಕೂ ತಾಳೆ ನೋಡುವುದು, ಮತ್ತೆ ಅಳೆಯುವುದು. ಅವಳಿಗೆ ಸಾಕಾದರೂ ನನಗೆ ಸಾಕಾಗುತ್ತಿರಲಿಲ್ಲ. ನಿಜವಾದ ತಗಡು ಮುಟ್ಟುವ ಮೊದಲು ಅದೇ ದಪ್ಪದ ಚೂರುಗಳನ್ನು ಬೆಸೆದು, ಕ್ಲಾಂಪಿಗೆ ಸಿಕ್ಕಿಸಿ, ಸುತ್ತಿಗೆಯಿಂದ ಬಡಿಯುತ್ತಿದ್ದಳು. ತಗಡು ಹರಿದು ಬೆಸುಗೆ ಉಳಿದರೆ ಮಾತ್ರ ಮುಂದಿನ ಕೆಲಸ. ಬೆಸುಗೆ ಬಿಟ್ಟ ದಿನ ಎಲ್ಲ ಆರಿಸಿ ಒಳಗೆ ಬರುತ್ತಿದ್ದೆವು. ಅಂಥ ದಿನ ಬಹಳ ಇದ್ದವು.

ಚಳಿಗಾಲ ಹೀಗೇ ಹೋಯಿತು. ಎಡಗಡೆ, ಬಲಗಡೆ, ಆಮೇಲೆ ನೆಲ. ವಸಂತ ಬರುವ ಹೊತ್ತಿಗೆ ಭಾರ ಹೊರುವ ಭಾಗವೆಲ್ಲ ಹೊಸದಾಗಿತ್ತು, ಬೂದು ಬಣ್ಣದ ಪ್ರೈಮರ್ ಬಳಿದುಕೊಂಡು ನಿಂತಿತ್ತು. ಇನ್ನು ಸ್ಟ್ಯಾಂಡು ತೆಗೆದು ಚಕ್ರಗಳ ಮೇಲೆ ಇಳಿಸಬೇಕು. ತನ್ನ ಭಾರ ತಾನು ಹೊತ್ತಾಗ ಜಗ್ಗುತ್ತದೋ ಇಲ್ಲವೋ ಆಗಲೇ ಗೊತ್ತಾಗುವುದು.

ಅವಳು ಜಾಕಿನ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದಳು. ನಾನು ಟೇಪು ಹಿಡಿದು ಬಾಗಿಲ ಬಳಿ ಕೂತಿದ್ದೆ. ಹಿಂದಿನ ಎರಡು ಚಕ್ರ ನೆಲ ಮುಟ್ಟಿದವು. ಅಳೆದೆ, ಅಷ್ಟೇ ಇತ್ತು. ಮುಂದಿನ ಎಡ ಚಕ್ರ ಇಳಿಯುವಾಗ ಎಲ್ಲಿಂದಲೋ ಟಕ್ ಅಂತ ಸದ್ದಾಯಿತು. ಅವಳು ಟಾರ್ಚು ಹಿಡಿದು ಬಗ್ಗಿ ನೋಡಿದಳು. ಸ್ಪ್ರಿಂಗು ತನ್ನ ಜಾಗದಲ್ಲಿ ಕೂತ ಸದ್ದು ಅದು. ಕೊನೆಯ ಚಕ್ರವೂ ಇಳಿಯಿತು. ಮತ್ತೆ ಮೂಲೆಯಿಂದ ಮೂಲೆಗೆ ಅಳೆದೆ. ಬದಲಾಗಿರಲಿಲ್ಲ. ನಂಬದೆ ಅವಳ ಕೈಗೆ ಟೇಪು ಕೊಟ್ಟೆ. ಅವಳು ಅಳೆದು, ಟೇಪನ್ನು ಜೇಬಿಗೆ ಹಾಕಿಕೊಂಡಳು.

ಕಾರಿಗೆ ಸೀಟುಗಳೇ ಇರಲಿಲ್ಲ. ಅವಳು ಒಳಗೆ ಹತ್ತಿ ಡ್ರೈವರಿನ ಜಾಗದಲ್ಲಿ ಬರೀ ತಗಡಿನ ಮೇಲೆ ಕಾಲು ಚಾಚಿ ಕೂತಳು. ನಾನು ಹೊರಗೇ ನಿಂತಿದ್ದೆ. ನನ್ನ ತೂಕ ಅವಳದಕ್ಕಿಂತ ಬಹಳ ಹೆಚ್ಚು.

“ಬರ್ರಿ, ಕೂಡ್ರಿ,” ಅಂದಳು.

ಒಂದು ಕಾಲು ಇಟ್ಟೆ, ತಡೆದೆ, ಇನ್ನೊಂದನ್ನೂ ಇಟ್ಟು ಪೂರ್ತಿ ಕೂತೆ. ಏನೂ ಆಗಲಿಲ್ಲ. ತಗಡು ತಣ್ಣಗಿತ್ತು, ಪ್ರೈಮರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಅವಳು ಸ್ಟೀರಿಂಗ್ ಮೇಲೆ ಕೈಯಿಟ್ಟು ಅರ್ಧ ತೆರೆದ ಗರಾಜಿನ ಬಾಗಿಲಿನಾಚೆ ರಸ್ತೆ ನೋಡುತ್ತಿದ್ದಳು. ನಾನು ಬ್ರೇಕಿನ ಪೈಪುಗಳ ಬಗ್ಗೆ ಕೇಳಿದೆ. ಅವೂ ತುಕ್ಕು ಹಿಡಿದಾವ, ಎಲ್ಲಾ ಬದಲಿಸಬೇಕು ಅಂದಳು.